ಕೆಲಸದ ಜೊತೆ ಬರುವ ಆರೋಗ್ಯ ವಿಮೆ, ಪಿ.ಎಫ್., ಪಿಂಚಣಿ ಮತ್ತು ಗ್ರಾಚ್ಯುಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಖಾಸಗಿ ವಲಯದಲ್ಲಿ ದುಡಿಯುವವರಿಗೆ ಸಂಬಳದ ಜೊತೆಗೆ ಸಿಗುವ ಆರೋಗ್ಯ ಮತ್ತು ನಿವೃತ್ತಿ ಸೌಲಭ್ಯಗಳ ಬಗ್ಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಸರ್ಕಾರಿ ನೌಕರರ ಪಿಂಚಣಿ ಮತ್ತು ವೈದ್ಯಕೀಯ ನಿಯಮಗಳು ಬೇರೆಯಾದ್ದರಿಂದ ಅವು ಇಲ್ಲಿಲ್ಲ. ಓದುವ ಮುನ್ನ ಒಂದು ಮಾತು: ಈ ಸೌಲಭ್ಯಗಳು ಕೈತಪ್ಪುವುದು ಬಹುಮಟ್ಟಿಗೆ ಕೆಲಸದಲ್ಲಿರುವಾಗಲ್ಲ, ಕೆಲಸ ಬದಲಿಸಿದಾಗ, ಮದುವೆಯಾದಾಗ, ಸಂಬಳ ಒಂದು ಮಿತಿಯನ್ನು ದಾಟಿದಾಗ, ಅಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಂಧಿಯಲ್ಲಿ. ಆದ್ದರಿಂದ ಕೆಳಗಿನ ಉತ್ತರಗಳೂ ಆ ಸಂಧಿಗಳ ಬಳಿಯೇ ಹೆಚ್ಚು ಹೊತ್ತು ನಿಲ್ಲುತ್ತವೆ.

ಪ್ರಶ್ನೆ: ನೇಮಕಾತಿ ಪತ್ರದಲ್ಲಿರುವ ಸಿ.ಟಿ.ಸಿ.ಗೂ ತಿಂಗಳ ಕೊನೆಗೆ ಕೈಗೆ ಬರುವ ಹಣಕ್ಕೂ ಇಷ್ಟೊಂದು ಅಂತರ ಏಕೆ?

ಸಿ.ಟಿ.ಸಿ. ಎಂದರೆ ನಿಮಗಾಗಿ ಸಂಸ್ಥೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದರಲ್ಲಿ ನಿಮ್ಮ ಸಂಬಳವಷ್ಟೇ ಅಲ್ಲದೆ, ಮಾಲೀಕರು ಕಟ್ಟುವ ಪಿ.ಎಫ್. (ಭವಿಷ್ಯ ನಿಧಿ) ವಂತಿಗೆ, ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಂಸ್ಥೆ ಕೊಡುವ ಇಡಿಗಂಟು) ತೆಗೆದಿಡುವ ಮೊತ್ತ, ಗುಂಪು ವಿಮೆಯ ಪ್ರೀಮಿಯಂ ಎಲ್ಲವೂ ಸೇರಿರುತ್ತವೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಮೂಲ ವೇತನದ ಶೇ. 4.81 ಎಂದು ಬರೆದಿರುತ್ತಾರೆ. ತಿಂಗಳ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು 12 ತಿಂಗಳಿಗೆ ಹಂಚಿದರೆ ಬರುವ ಲೆಕ್ಕ ಅದು. ಆ ಹಣ ಅರ್ಹತೆಯ ಅವಧಿ (ಸಾಮಾನ್ಯವಾಗಿ ಐದು ವರ್ಷ) ಪೂರೈಸಿದವರಿಗಷ್ಟೇ ಸಿಗುತ್ತದೆ; ಆದ್ದರಿಂದ ಎರಡು ವರ್ಷಕ್ಕೆ ಕೆಲಸ ಬಿಡುವ ಯೋಚನೆ ಇರುವವರು ಎರಡು ಆಫರ್‌ಗಳನ್ನು ತೂಗುವಾಗ ಆ ಸಾಲನ್ನು ಕಳೆದು ನೋಡುವುದು ಒಳ್ಳೆಯದು.

ಪ್ರಶ್ನೆ: ಈ ಸೌಲಭ್ಯಗಳನ್ನು ಯಾವ ಸಂಸ್ಥೆ ಕೊಡಲೇಬೇಕು?

20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಪಿ.ಎಫ್., 10 ಅಥವಾ ಹೆಚ್ಚು ಮಂದಿ ಇರುವಲ್ಲಿಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಮತ್ತು ಗ್ರಾಚ್ಯುಟಿ ಅನ್ವಯವಾಗುತ್ತವೆ. ಗುಂಪು ಆರೋಗ್ಯ ವಿಮೆ ಹೆಚ್ಚಿನ ಕಡೆ ಮಾಲೀಕರ ಇಚ್ಛೆಗೆ ಬಿಟ್ಟ ಸೌಲಭ್ಯ. ಆದ್ದರಿಂದಲೇ ಅದರ ಷರತ್ತುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ, ಕೆಲವೊಮ್ಮೆ ಒಂದೇ ಕಂಪನಿಯಲ್ಲಿ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ, ಬದಲಾಗುತ್ತವೆ. ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರಿಗೂ ಪಿ.ಎಫ್. ಮತ್ತು ಇ.ಎಸ್.ಐ. ಉಂಟು. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕರ ತಲೆಗೆ ಬರುತ್ತದೆ.

ಪ್ರಶ್ನೆ: ಪಿ.ಎಫ್.ಗೆ ಎರಡೂ ಕಡೆಯಿಂದ ಶೇ. 12 ಹೋಗುತ್ತದೆ ಎನ್ನುತ್ತಾರೆ. ಪಾಸ್‌ಬುಕ್‌ನಲ್ಲಿ ಮಾಲೀಕರ ಪಾಲು ಕಡಿಮೆ ಕಾಣುವುದೇಕೆ?

ಮಾಲೀಕರ ಶೇ. 12 ಎರಡಾಗಿ ಒಡೆಯುವುದೇ ಕಾರಣ. ಅದರಲ್ಲಿ ಶೇ. 8.33 ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದದ್ದು ಮಾತ್ರ ನಿಮ್ಮ ಭವಿಷ್ಯ ನಿಧಿಗೆ ಸೇರುತ್ತದೆ. ಪಿಂಚಣಿಯ ಲೆಕ್ಕಕ್ಕೆ ತಿಂಗಳಿಗೆ ₹15,000ದ ಮಿತಿ ಇರುವುದರಿಂದ ಆ ಪಾಲು ₹1,250ಕ್ಕಿಂತ ಹೆಚ್ಚುವುದಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹26,000 ಇರುವ, ಪೂರ್ತಿ ವೇತನದ ಮೇಲೆ ವಂತಿಗೆ ಕಟ್ಟುವ ಒಬ್ಬರ ಪಾಸ್‌ಬುಕ್ ತೆರೆದರೆ ನೌಕರರ ಕಾಲಮಿನಲ್ಲಿ ₹3,120, ಮಾಲೀಕರ ಕಾಲಮಿನಲ್ಲಿ ₹1,870, ಪಿಂಚಣಿಯ ಕಾಲಮಿನಲ್ಲಿ ₹1,250 ಕಾಣುತ್ತದೆ. ಕೊನೆಯ ಎರಡನ್ನು ಕೂಡಿಸಿದರೆ ಮತ್ತೆ ₹3,120. ಕೆಲವು ಸಂಸ್ಥೆಗಳು ಪಿ.ಎಫ್. ಅನ್ನೂ ₹15,000ದ ಮೇಲಷ್ಟೇ ಲೆಕ್ಕ ಹಾಕಿ ಇಬ್ಬರಿಂದಲೂ ₹1,800 ಕಟ್ಟುತ್ತವೆ, ಅದೂ ಕಾನೂನುಬದ್ಧವೇ.

ಇಲ್ಲೊಂದು ಸೂಕ್ಷ್ಮವಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿ.ಎಫ್. ಸದಸ್ಯರಾದವರ ವೇತನ ಆಗಲೇ ₹15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ, ಮಾಲೀಕರ ಶೇ. 12 ಪೂರ್ತಿಯಾಗಿ ಭವಿಷ್ಯ ನಿಧಿಗೇ ಸೇರಬೇಕು. ಲೆಕ್ಕ ವಿಭಾಗಗಳು ಇದನ್ನು ಗಮನಿಸದೆ ವರ್ಷಗಟ್ಟಲೆ ₹1,250ನ್ನು ಪಿಂಚಣಿಗೆ ಹಾಕಿಬಿಡುವುದುಂಟು. ಆ ತಪ್ಪು ಬೆಳಕಿಗೆ ಬರುವುದು ಹಣ ವಾಪಸ್ ಕೇಳಿದ ದಿನ. ಹತ್ತು ವರ್ಷದ ಲೆಕ್ಕ ತಿದ್ದುವುದಕ್ಕಿಂತ ಮೊದಲ ವರ್ಷವೇ ಪಾಸ್‌ಬುಕ್ ನೋಡಿಕೊಳ್ಳುವುದು ಸುಲಭ.

ಪ್ರಶ್ನೆ: ಪಿ.ಎಫ್. ಪಿಂಚಣಿ ಎಷ್ಟು ಬರುತ್ತದೆ? ಅದರಲ್ಲಿ ಜೀವನ ಸಾಗುತ್ತದೆಯೇ?

ಲೆಕ್ಕ ಸರಳವಾಗಿದೆ: ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಅರ್ಹ ವೇತನ ಎಂದರೆ ಕೊನೆಯ 60 ತಿಂಗಳ ಸರಾಸರಿ, ಸಾಮಾನ್ಯವಾಗಿ ₹15,000ದ ಮಿತಿಯೊಳಗೆ. 20 ವರ್ಷ ವಂತಿಗೆ ಕಟ್ಟಿ 58ಕ್ಕೆ ನಿವೃತ್ತರಾದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ. ಆಗ 15,000 ಗುಣಿಸು 22, ಭಾಗಿಸು 70, ಅಂದರೆ ತಿಂಗಳಿಗೆ ಸುಮಾರು ₹4,714. ಇದು ಬೆಲೆಯೇರಿಕೆಗೆ ತಕ್ಕಂತೆ ಏರುವ ಪಿಂಚಣಿಯೂ ಅಲ್ಲ. ಕನಿಷ್ಠ ಪಿಂಚಣಿ 2014ರಿಂದ ₹1,000. ಆದ್ದರಿಂದ ಎರಡನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ, ಸಾಗುವುದಿಲ್ಲ ಎಂದೇ. ನಿವೃತ್ತಿಯ ನಿಜವಾದ ಆಸರೆ ಭವಿಷ್ಯ ನಿಧಿಯ ಗಂಟು. ಪಿಂಚಣಿ ಅದರ ಪಕ್ಕದ ಊರುಗೋಲು.

ಹಾಗೆಂದು ಅದನ್ನು ಕಡೆಗಣಿಸುವುದೂ ತಪ್ಪು. ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ, ಕೇವಲ ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಪತ್ನಿ ಅಥವಾ ಪತಿಗೆ ಪಿಂಚಣಿ ಸಿಗುತ್ತದೆ, ಇಬ್ಬರು ಮಕ್ಕಳವರೆಗೆ 25 ವರ್ಷ ತುಂಬುವ ತನಕ ಮಕ್ಕಳ ಪಿಂಚಣಿಯೂ ಸಿಗುತ್ತದೆ. ಒಂದು ತಿಂಗಳ ವಂತಿಗೆಗೆ ಇದು ಸಣ್ಣ ಆಸರೆಯಲ್ಲ.

50 ದಾಟಿದವರು 58ಕ್ಕೆ ಮುಂಚೆಯೇ ಪಿಂಚಣಿ ಕೇಳಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇ. 4 ಕಡಿತವಾಗುತ್ತದೆ.

ಪ್ರಶ್ನೆ: ಕೆಲಸ ಬದಲಿಸುತ್ತಿದ್ದೇನೆ. ಹಳೆಯ ಪಿ.ಎಫ್. ತೆಗೆದುಕೊಂಡುಬಿಡಲೇ, ವರ್ಗಾಯಿಸಲೇ?

ವರ್ಗಾಯಿಸಿ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇರುವವರು ಇದನ್ನು ಓದಲಿ.

ಹಣ ತೆಗೆದಾಗ ಆಗುವ ನಷ್ಟ ಮೂರು ಬಗೆಯದು. ಚಕ್ರಬಡ್ಡಿ ಕಡಿದುಹೋಗುವುದು ಕಣ್ಣಿಗೆ ಕಾಣುವ ನಷ್ಟ. 2023–24 ಮತ್ತು 2024–25ಕ್ಕೆ ಬಡ್ಡಿ ದರ ಶೇ. 8.25 ಇತ್ತು. ಒಟ್ಟು ಸೇವೆ ಐದು ವರ್ಷ ತುಂಬದೆ ತೆಗೆದರೆ ಆ ಹಣಕ್ಕೆ ತೆರಿಗೆ ಬೀಳುವುದು ಎರಡನೆಯದು. ಮೊತ್ತ ₹50,000 ಅಥವಾ ಹೆಚ್ಚಿದ್ದರೆ, ಪ್ಯಾನ್ ಜೋಡಣೆಯಾಗಿದ್ದರೂ ಮೂಲದಲ್ಲೇ ಶೇ. 10 ಕಡಿತವಾಗುತ್ತದೆ. ಮೂರನೆಯದು ಬಹಳ ಮಂದಿಗೆ ಗೊತ್ತೇ ಆಗದ ನಷ್ಟ: ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ತುಂಬುವ ಮೊದಲು ಫಾರಂ 10ಸಿ ಹಾಕಿ ಪಿಂಚಣಿಯ ಹಣವನ್ನೂ ಪಡೆದುಬಿಟ್ಟರೆ ಆ ಸೇವಾ ವರ್ಷಗಳು ಅಳಿಸಿಹೋಗುತ್ತವೆ. ನಾಲ್ಕು ವರ್ಷ ಒಂದು ಕಡೆ, ಐದು ವರ್ಷ ಇನ್ನೊಂದು ಕಡೆ, ಒಂಬತ್ತು ವರ್ಷ ಮತ್ತೊಂದು ಕಡೆ ದುಡಿದು, ಪ್ರತಿ ಬಾರಿಯೂ ಎಲ್ಲವನ್ನೂ ತೆಗೆದುಕೊಂಡವರಿಗೆ 18 ವರ್ಷ ದುಡಿದ ಮೇಲೂ ಪಿಂಚಣಿಯ ಅರ್ಹತೆ ಇರುವುದಿಲ್ಲ. ಸೇವೆಯನ್ನು ಸೇರಿಸಿಕೊಂಡು ಬಂದವರಿಗೆ ಅದೇ 18 ವರ್ಷ ಪಿಂಚಣಿಯಾಗುತ್ತದೆ. ಕೆಲಸವನ್ನೇ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿಯುವವರು, ಮುಂದೆ ಮತ್ತೆ ನೌಕರಿಗೆ ಬರುವ ಸಾಧ್ಯತೆ ಇದ್ದರೆ, 10ಸಿಯಲ್ಲೇ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ಸೇವೆಯನ್ನು ಕಾಪಾಡಿ ಇಡುವ ಪತ್ರ.

ವರ್ಗಾವಣೆಯಾದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಮಿನಲ್ಲಿ ಸೊನ್ನೆ ಕಂಡು ಗಾಬರಿಯಾಗುವವರು ಬಹಳ. ಪಿಂಚಣಿ ನಿಧಿ ಎಲ್ಲರಿಗೂ ಸೇರಿದ ಒಂದೇ ಕೊಳವಾದ್ದರಿಂದ ಅಲ್ಲಿ ಹಣ ಖಾತೆಯಿಂದ ಖಾತೆಗೆ ಸರಿಯುವುದಿಲ್ಲ, ಸೇವಾ ಅವಧಿ ಮಾತ್ರ ಸರಿಯುತ್ತದೆ. ನೋಡಬೇಕಾದದ್ದು ಆ ಸೊನ್ನೆಯನ್ನಲ್ಲ, ಸೇವಾ ವಿವರದಲ್ಲಿ ಹಳೆಯ ಸಂಸ್ಥೆಯ ದಿನಾಂಕಗಳು ಸರಿಯಾಗಿ ಬಂದಿವೆಯೇ ಎಂಬುದನ್ನು.

ಕೆಲಸ ಬಿಟ್ಟ ಮೂರು ವರ್ಷಕ್ಕೆ ಬಡ್ಡಿ ನಿಲ್ಲುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಆ ನಿಯಮ 2016ರಲ್ಲೇ ಬದಲಾಗಿದ್ದು, ಈಗ ಖಾತೆಯಲ್ಲಿ ಉಳಿಸಿದ ಹಣಕ್ಕೆ 58ರವರೆಗೆ ಬಡ್ಡಿ ಸೇರುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಎಂಬುದನ್ನು ಮಾತ್ರ ಮರೆಯಬಾರದು.

ಪ್ರಶ್ನೆ: ಹೆಸರು ಹೊಂದುತ್ತಿಲ್ಲ ಎಂದು ಕ್ಲೇಮ್ ತಿರಸ್ಕೃತವಾಗಿದೆ. ಏನು ಮಾಡಬೇಕು?

ನಮ್ಮ ಕಡೆಯ ಹೆಸರುಗಳಿಗೆ ಇದೊಂದು ಶಾಪ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪಿ.ಎಫ್. ದಾಖಲೆಯಲ್ಲಿ ಮುಂದೆ, ಬ್ಯಾಂಕಿನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರೋ ತಂದೆಯ ಹೆಸರೋ ಆಗಿರುತ್ತದೆ. ಒಂದು ಕಡೆ ಬಸವರಾಜ, ಇನ್ನೊಂದು ಕಡೆ ಬಸವರಾಜು ಎಂದಿದ್ದರೂ ಗಣಕಕ್ಕೆ ಅವರು ಇಬ್ಬರು ಬೇರೆ ವ್ಯಕ್ತಿಗಳು. ನಿಮ್ಮ ಯು.ಎ.ಎನ್. (ಕೆಲಸ ಬದಲಿಸಿದರೂ ಬದಲಾಗದ ಪಿ.ಎಫ್. ಸದಸ್ಯ ಸಂಖ್ಯೆ) ಆಧಾರ್ ಮೂಲಕ ದೃಢೀಕರಣಗೊಂಡಿದ್ದು, 2017ರ ಅಕ್ಟೋಬರ್ 1ರ ನಂತರ ಪಡೆದದ್ದಾಗಿದ್ದರೆ ಹೆಸರು, ಹುಟ್ಟಿದ ದಿನಾಂಕ, ಲಿಂಗ, ತಂದೆ-ತಾಯಿಯ ಹೆಸರು ಮುಂತಾದ ವಿವರಗಳನ್ನು ಸದಸ್ಯರೇ ಪೋರ್ಟಲ್‌ನಲ್ಲಿ ತಿದ್ದಿಕೊಳ್ಳುವ ವ್ಯವಸ್ಥೆ 2025ರ ಜನವರಿಯಲ್ಲಿ ಬಂದಿದೆ. ಅದಕ್ಕಿಂತ ಹಳೆಯದಾದರೆ ತಿದ್ದುಪಡಿ ಕೋರುವ ಜಂಟಿ ಘೋಷಣೆಗೆ ಮಾಲೀಕರ ಅನುಮೋದನೆ ಬೇಕು, ಆದ್ದರಿಂದ ಹಳೆಯ ಸಂಸ್ಥೆಯೊಂದಿಗೆ ಸಂಬಂಧ ಹಳಸುವ ಮೊದಲೇ ಈ ಕೆಲಸ ಮುಗಿಸಿ. ಕೆಲಸ ಬಿಟ್ಟ ದಿನಾಂಕವನ್ನು ಸಂಸ್ಥೆ ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆ ಸಂದಾಯವಾಗಿ ಎರಡು ತಿಂಗಳಾದ ಮೇಲೆ ಅದನ್ನು ನೀವೇ ನಮೂದಿಸಬಹುದು.

ಪ್ರಶ್ನೆ: ಸಂಬಳದಲ್ಲಿ ಪಿ.ಎಫ್. ಕಡಿತವಾಗುತ್ತಿದೆ, ಪಾಸ್‌ಬುಕ್‌ನಲ್ಲಿ ಹಣ ಇಲ್ಲ. ಎಲ್ಲಿ ದೂರು ಕೊಡಬೇಕು?

ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದು ಪಾಸ್‌ಬುಕ್‌ನಲ್ಲಿ ಕಾಣಲು ಇನ್ನೂ ಕೆಲವು ದಿನ ಹಿಡಿಯಬಹುದಾದ್ದರಿಂದ ಒಂದು ತಿಂಗಳ ತಡಕ್ಕೆ ಕಂಗೆಡಬೇಕಿಲ್ಲ. ಸತತ ಎರಡು ಮೂರು ತಿಂಗಳು ಖಾಲಿ ಇದ್ದರೆ ಸ್ಯಾಲರಿ ಸ್ಲಿಪ್‌ಗಳನ್ನು ಜೋಡಿಸಿ ಭವಿಷ್ಯ ನಿಧಿ ಸಂಘಟನೆಯ ದೂರು ಪೋರ್ಟಲ್‌ನಲ್ಲಿ ದಾಖಲಿಸಿ. ನೌಕರರ ಸಂಬಳದಿಂದ ಕಡಿದು ಕಟ್ಟದೆ ಇಟ್ಟುಕೊಳ್ಳುವುದು ಬರೀ ಬಾಕಿ ಅಲ್ಲ, ಕ್ರಿಮಿನಲ್ ನಂಬಿಕೆದ್ರೋಹ. ಅದರ ಮೇಲೆ ಬಡ್ಡಿ ಮತ್ತು ದಂಡವೂ ಬೀಳುತ್ತದೆ. ಹೀಗಾಗಿ ಪ್ರತಿ ತಿಂಗಳ ಸ್ಯಾಲರಿ ಸ್ಲಿಪ್ಪನ್ನು ಕಂಪನಿಯ ಮೇಲ್‌ನಲ್ಲಿ ಬಿಡದೆ ನಿಮ್ಮ ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಿ. ಕೆಲಸ ಹೋದ ಸಂಜೆಯೇ ಕಂಪನಿಯ ಮೇಲ್ ಮುಚ್ಚಿಹೋಗುತ್ತದೆ. ನಾನೂ ಒಮ್ಮೆ ಹೀಗೆಯೇ ಹದಿನಾಲ್ಕು ತಿಂಗಳ ಸ್ಲಿಪ್ ಕಳೆದುಕೊಂಡು ಬ್ಯಾಂಕಿನ ಸ್ಟೇಟ್‌ಮೆಂಟ್ ಹಿಡಿದು ಅಲೆದಿದ್ದೇನೆ.

ಪ್ರಶ್ನೆ: ಕೆಲಸದಲ್ಲಿರುವಾಗಲೇ ಹಣ ತೆಗೆಯಬಹುದೇ?

ಚಿಕಿತ್ಸೆ, ಮದುವೆ, ಮಕ್ಕಳ ಶಿಕ್ಷಣ, ಮನೆ ಮುಂತಾದ ಕಾರಣಗಳಿಗೆ ಫಾರಂ 31ರಲ್ಲಿ ಮುಂಗಡ ಪಡೆಯುವ ಅವಕಾಶ ಮೊದಲಿನಿಂದಲೂ ಇದೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿ ಸಂಘಟನೆಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿ 13 ಬಗೆಯ ಈ ನಿಯಮಗಳನ್ನು ಅಗತ್ಯ ವೆಚ್ಚ, ವಸತಿ ಮತ್ತು ವಿಶೇಷ ಸಂದರ್ಭ ಎಂಬ ಮೂರು ಗುಂಪಿಗೆ ಇಳಿಸಲು ನಿರ್ಧರಿಸಿತು. 12 ತಿಂಗಳ ಸೇವೆ ಸಾಕು, ಆದರೆ ವಂತಿಗೆಯ ಶೇ. 25 ಖಾತೆಯಲ್ಲಿ ಉಳಿಯಬೇಕು ಎಂಬುದು ಅದರ ತಿರುಳು. ನಿರುದ್ಯೋಗದ ಕಾರಣಕ್ಕೆ ಪೂರ್ತಿ ಹಣ ತೆಗೆಯುವ ಅವಧಿಯನ್ನು 2 ತಿಂಗಳಿಂದ 12ಕ್ಕೆ, ಪಿಂಚಣಿಯ ಹಣ ತೆಗೆಯುವುದನ್ನು 36 ತಿಂಗಳಿಗೆ ಏರಿಸುವ ನಿರ್ಧಾರವೂ ಅದೇ ಸಭೆಯದು. ಇದಕ್ಕೆ ಆಕ್ಷೇಪ ಜೋರಾಗಿಯೇ ಬಂತು. ಆದರೂ ಮೇಲೆ ಹೇಳಿದ ಸೇವೆ ಅಳಿಸಿಹೋಗುವ ಅನಾಹುತವನ್ನು ಕಂಡವರಿಗೆ ಎರಡನೆಯ ನಿರ್ಧಾರದ ಹಿಂದಿನ ಕಾಳಜಿ ಅರ್ಥವಾಗುತ್ತದೆ.

ಪ್ರಶ್ನೆ: ಇ.ಎಸ್.ಐ. ಯಾರಿಗೆ, ಅದರಲ್ಲಿ ಏನೇನು ಸಿಗುತ್ತದೆ?

ತಿಂಗಳ ವೇತನ ₹21,000ದವರೆಗೆ ಇರುವವರಿಗೆ. ಅಂಗವೈಕಲ್ಯ ಇರುವವರಿಗೆ ಮಿತಿ ₹25,000. ನೌಕರರು ಶೇ. 0.75, ಮಾಲೀಕರು ಶೇ. 3.25 ಕಟ್ಟುತ್ತಾರೆ, ಅಂದರೆ ₹20,000 ಸಂಬಳಕ್ಕೆ ನಿಮ್ಮಿಂದ ₹150, ಅವರಿಂದ ₹650. ಇಷ್ಟಕ್ಕೆ ನಿಮಗೂ ಅವಲಂಬಿತ ಕುಟುಂಬಕ್ಕೂ ಖರ್ಚಿನ ಗರಿಷ್ಠ ಮಿತಿಯಿಲ್ಲದ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70, ಹೆರಿಗೆಗೆ 26 ವಾರ ಪೂರ್ಣ ವೇತನ, ಕೆಲಸದಲ್ಲಿ ಗಾಯವಾದರೆ ವೇತನದ ಶೇ. 90 ನಗದಾಗಿ ಬರುತ್ತದೆ. ಕಾಯಿಲೆಯ ನಗದು ಸೌಲಭ್ಯಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರಬೇಕು.

ಆಸ್ಪತ್ರೆಗಳ ಬಗ್ಗೆ ದೂರುಗಳಿವೆ, ಸರತಿ ಸಾಲು ಉದ್ದ ಎಂಬುದೂ ನಿಜ. ಆದರೆ ಬೆಂಗಳೂರಿನ ರಾಜಾಜಿನಗರದಲ್ಲಿ, ಕಲಬುರಗಿಯಲ್ಲಿ ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ ಇವೆ. ಮೂರು ಲಕ್ಷದ ಗುಂಪು ವಿಮೆ ಒಂದೇ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಕರಗಿಹೋಗುವಾಗ, ಮಿತಿಯೇ ಇಲ್ಲದ ಈ ಸೌಲಭ್ಯವನ್ನು ಬಡವರ ಕಾರ್ಡ್ ಎಂದು ಪಕ್ಕಕ್ಕಿಡುವುದು ಜಾಣತನವಲ್ಲ. ಜ್ವರ ಬಂದ ದಿನ ಕಾರ್ಡ್ ಹುಡುಕುವ ಬದಲು ಕೆಲಸಕ್ಕೆ ಸೇರಿದ ತಿಂಗಳೇ ಕುಟುಂಬದವರ ವಿವರ ಮತ್ತು ಔಷಧಾಲಯದ ಆಯ್ಕೆಯನ್ನು ದಾಖಲಿಸಿ.

ಪ್ರಶ್ನೆ: ಬಡ್ತಿಯಿಂದ ಸಂಬಳ ₹21,000 ದಾಟಿತು. ಇ.ಎಸ್.ಐ. ಅಂದೇ ನಿಲ್ಲುತ್ತದೆಯೇ?

ಇಲ್ಲ. ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಸಂಬಳ ₹22,500 ಆದರೆ ಸೆಪ್ಟೆಂಬರ್ 30ರವರೆಗೂ ಪೂರ್ತಿ ಸಂಬಳದ ಮೇಲೆ ವಂತಿಗೆ ಕಡಿತವಾಗುತ್ತದೆ. ಅದಕ್ಕೆ ಪ್ರತಿಯಾಗಿ ಬರುವ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಸಂಬಳ ಏರಿದ ಮೇಲೂ ಏಕೆ ಕಡಿಯುತ್ತಿದ್ದೀರಿ ಎಂದು ಲೆಕ್ಕ ವಿಭಾಗದವರ ಮೇಲೆ ರೇಗುವ ಮೊದಲು, ಆ ಕಡಿತ ಮುಂದಿನ ಜೂನ್‌ವರೆಗಿನ ಚಿಕಿತ್ಸೆಯನ್ನು ಕಾಯ್ದಿಟ್ಟಿದೆ ಎಂಬುದನ್ನು ನೆನೆಯಿರಿ. ಆ ಗಡುವಿನೊಳಗೆ ಗುಂಪು ವಿಮೆಗೆ ನಿಮ್ಮ ಹೆಸರು ಸೇರಿಸುವಂತೆ ಸಂಸ್ಥೆಗೆ ಬರಹದಲ್ಲಿ ಕೇಳಿ.

ಪ್ರಶ್ನೆ: ಕಂಪನಿಯ ಗುಂಪು ಆರೋಗ್ಯ ವಿಮೆ ಇದ್ದರೆ ಸ್ವಂತ ಪಾಲಿಸಿ ಬೇಕೇ?

ಗುಂಪು ವಿಮೆಯ ದೊಡ್ಡ ಗುಣವೆಂದರೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗಳಿಗೂ, ಹೆರಿಗೆಗೂ ಅನ್ವಯವಾಗುವುದು. ಸಕ್ಕರೆ ಕಾಯಿಲೆಯ ತಂದೆ-ತಾಯಿ ಇರುವವರಿಗೆ ಇದು ಸಣ್ಣ ಮಾತಲ್ಲ. ದೊಡ್ಡ ದೋಷವೆಂದರೆ ಕೆಲಸ ಹೋದ ದಿನವೇ ಅದೂ ಹೋಗುವುದು. ನಲವತ್ತೈದನೆಯ ವಯಸ್ಸಿನಲ್ಲಿ, ರಕ್ತದೊತ್ತಡ ಶುರುವಾದ ಮೇಲೆ ಹೊಸ ಪಾಲಿಸಿ ಕೊಳ್ಳಲು ಹೋದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಆರೋಗ್ಯವಾಗಿರುವಾಗಲೇ ಸಣ್ಣ ಮೊತ್ತದ್ದಾದರೂ ಒಂದು ಸ್ವಂತ ಪಾಲಿಸಿ ತೆಗೆದು ಆ ಗಡಿಯಾರವನ್ನು ಓಡಲು ಬಿಡುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಯ ಪ್ರೀಮಿಯಂಗೆ ಜಿ.ಎಸ್.ಟಿ. ಇಲ್ಲ, ಗುಂಪು ಪಾಲಿಸಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಪ್ರಶ್ನೆ: ವಿಮೆ ಮೂರು ಲಕ್ಷದ್ದು, ಬಿಲ್ ಒಂದೂವರೆ ಲಕ್ಷ. ಆದರೂ ಕೈಯಿಂದ ಹಣ ಕಟ್ಟಬೇಕಾಯಿತು, ಏಕೆ?

ಹತ್ತರಲ್ಲಿ ಆರೇಳು ಸಲ ಉತ್ತರ ಕೋಣೆಯ ಬಾಡಿಗೆಯಲ್ಲಿ ಸಿಗುತ್ತದೆ ಎಂಬುದು ನನ್ನ ಅನುಭವ. ಪಾಲಿಸಿಯಲ್ಲಿ ದಿನಕ್ಕೆ ₹5,000ದ ಮಿತಿ ಇದ್ದು, ನೀವು ₹8,000ದ ಕೋಣೆಗೆ ಹೋದಿರಿ ಎಂದುಕೊಳ್ಳಿ. ಐದು ದಿನಕ್ಕೆ ವ್ಯತ್ಯಾಸ ₹15,000 ಮಾತ್ರ ಎಂದು ಅನಿಸುತ್ತದೆ. ಆದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ಶುಶ್ರೂಷೆ ಮುಂತಾದ ಕೋಣೆಗೆ ಹೊಂದಿಕೊಂಡು ಏರುವ ಎಲ್ಲ ಬಾಬುಗಳನ್ನೂ ಅದೇ 5:8ರ ಪ್ರಮಾಣದಲ್ಲಿ ಇಳಿಸುತ್ತಾರೆ. ಆ ಬಾಬುಗಳ ಮೊತ್ತ ₹80,000 ಆಗಿದ್ದರೆ ವಿಮೆಯಿಂದ ₹50,000 ಮಾತ್ರ ಬರುತ್ತದೆ. ಒಟ್ಟು ₹45,000 ನಿಮ್ಮ ಜೇಬಿನಿಂದ. ಔಷಧಿ, ದೇಹದೊಳಗೆ ಇಡುವ ಇಂಪ್ಲಾಂಟ್, ಪರೀಕ್ಷೆಗಳು ಮತ್ತು ತೀವ್ರ ನಿಗಾ ಘಟಕದ ಶುಲ್ಕಗಳಿಗೆ ಈ ಕಡಿತ ಹಾಕುವಂತಿಲ್ಲ, ಹಾಕಿದ್ದರೆ ಪ್ರಶ್ನಿಸಿ. ದಾಖಲಾಗುವಾಗ ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಸಿಂಗಲ್ ರೂಮ್ ಒಂದೇ ಖಾಲಿ ಇದೆ ಎಂದಾಗ, ನಮ್ಮ ಪಾಲಿಸಿಯ ಮಿತಿ ಇಷ್ಟು ಎಂದು ಹೇಳಲು ಬಾಯಿ ಬರಬೇಕು. ಆ ಅಂಕಿಯನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ, ಏಕೆಂದರೆ ದಾಖಲಾಗುವವರು ನೀವೇ ಆಗಿರಬಹುದು.

ಎರಡನೆಯ ಕಾರಣ ಕೋ-ಪೇ. ತಂದೆ-ತಾಯಿಯ ಚಿಕಿತ್ಸೆಗೆ ಶೇ. 10ರಿಂದ 20 ನೀವೇ ಭರಿಸಬೇಕೆಂಬ ಷರತ್ತು ಬಹಳ ಪಾಲಿಸಿಗಳಲ್ಲಿರುತ್ತದೆ.

ಪ್ರಶ್ನೆ: ಡಿಸ್ಚಾರ್ಜ್ ಎಂದು ವೈದ್ಯರು ಬೆಳಿಗ್ಗೆ ಹೇಳಿದರು, ವಿಮೆಯ ಅನುಮತಿ ರಾತ್ರಿ ಬಂತು. ಇದಕ್ಕೆ ನಿಯಮವಿಲ್ಲವೇ?

ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಕೋರಿಕೆಗೆ ಮೂರು ಗಂಟೆಯೊಳಗೆ ವಿಮಾ ಸಂಸ್ಥೆ ಉತ್ತರಿಸಬೇಕು. ಆ ತಡದಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ವಿಮಾ ಸಂಸ್ಥೆಯೇ ಭರಿಸಬೇಕು. ಗಂಟೆ ಲೆಕ್ಕಕ್ಕೆ ಬರುವುದು ಆಸ್ಪತ್ರೆ ಅಂತಿಮ ಬಿಲ್ ಕಳುಹಿಸಿದ ಮೇಲೆ, ವೈದ್ಯರು ಹೇಳಿದ ಹೊತ್ತಿನಿಂದಲ್ಲ. ಅರ್ಧ ದಿನ ಕಳೆಯುವುದು ಹೆಚ್ಚಾಗಿ ಬಿಲ್ಲಿಂಗ್ ವಿಭಾಗದಲ್ಲೇ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ವಿಮಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಗುಂಪು ಪಾಲಿಸಿಯ ಸದಸ್ಯರಿಗೂ ಆ ಹಕ್ಕು ಇದೆ, ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ.

ಪ್ರಶ್ನೆ: ಕೆಲಸ ಬಿಟ್ಟ ಮೇಲೂ ಗುಂಪು ವಿಮೆಯನ್ನು ಮುಂದುವರಿಸಿಕೊಳ್ಳಬಹುದೇ?

ಅದೇ ಪಾಲಿಸಿಯನ್ನಲ್ಲ. ಆದರೆ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಬಹುದು, ಗುಂಪಿನಲ್ಲಿ ಕಳೆದ ಅವಧಿ ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತದೆ. ರಾಜೀನಾಮೆ ಕೊಟ್ಟ ಮೇಲೆ ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿ. ಪ್ರೀಮಿಯಂ ಹೆಚ್ಚಿರುತ್ತದೆ, ವೈದ್ಯಕೀಯ ಪರೀಕ್ಷೆಯನ್ನೂ ಕೇಳಬಹುದು.

ಪ್ರಶ್ನೆ: ಗ್ರಾಚ್ಯುಟಿಯ ಲೆಕ್ಕ ಹೇಗೆ? ಐದು ವರ್ಷಕ್ಕೆ ಎರಡು ತಿಂಗಳು ಕಡಿಮೆ ಇದ್ದರೆ?

ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವಾ ವರ್ಷಗಳಿಂದ ಗುಣಿಸಬೇಕು. ₹26,000 ವೇತನಕ್ಕೆ ದಿನಕ್ಕೆ ₹1,000, ವರ್ಷಕ್ಕೆ ₹15,000. ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುತ್ತದೆ, ಆದ್ದರಿಂದ ಏಳು ವರ್ಷ ಎಂಟು ತಿಂಗಳ ಸೇವೆಗೆ ₹1,20,000. ಗರಿಷ್ಠ ಮಿತಿ ₹20 ಲಕ್ಷ. ಹಣ 30 ದಿನಗಳಲ್ಲಿ ಕೈ ಸೇರಬೇಕು, ತಡವಾದರೆ ಬಡ್ಡಿ ಕೊಡಬೇಕು. ಮರಣ ಅಥವಾ ಶಾಶ್ವತ ಅಂಗವೈಕಲ್ಯದ ಸಂದರ್ಭದಲ್ಲಿ ಐದು ವರ್ಷದ ಷರತ್ತು ಇಲ್ಲ.

ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ, ಆದರೆ ಎಲ್ಲ ಸಂಸ್ಥೆಗಳೂ ಅದನ್ನು ತಕರಾರಿಲ್ಲದೆ ಒಪ್ಪುವುದಿಲ್ಲ. ಎರಡು ತಿಂಗಳು ತಡೆದು ಹೋಗಲು ಸಾಧ್ಯವಿರುವವರು ತಡೆಯುವುದೇ ವಾಸಿ. ಸಂಸ್ಥೆ ಮುಳುಗಿದರೆ ಗತಿಯೇನು ಎಂಬ ಅಳುಕಿಗೆ ಉತ್ತರವಾಗಿ ರಾಜ್ಯ ಸರ್ಕಾರ ಕರ್ನಾಟಕ ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳು, 2024ನ್ನು ತಂದಿತು. ಮಾಲೀಕರು ಈ ಹೊಣೆಗೆ ವಿಮೆ ಮಾಡಿಸಬೇಕೆಂಬುದು ಅದರ ಆಶಯ.

ಪ್ರಶ್ನೆ: ಹೊಸ ಕಾರ್ಮಿಕ ಸಂಹಿತೆಯಿಂದ ಏನು ಬದಲಾಯಿತು?

ಹಳೆಯ ಕಾರ್ಮಿಕ ಕಾನೂನುಗಳ ಬದಲಿಗೆ ಬಂದ, ಸಾಮಾಜಿಕ ಭದ್ರತಾ ಸಂಹಿತೆ, 2020 ಸೇರಿದಂತೆ ನಾಲ್ಕೂ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ನೌಕರರಿಗೆ ತಟ್ಟುವ ಬದಲಾವಣೆಗಳು ಮುಖ್ಯವಾಗಿ ಎರಡು. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಇನ್ನೊಂದು, ವೇತನದ ವ್ಯಾಖ್ಯೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಮೂಲ ವೇತನವನ್ನು ಶೇ. 30ಕ್ಕೆ ಇಳಿಸಿ ಉಳಿದದ್ದನ್ನೆಲ್ಲ ವಿಶೇಷ ಭತ್ಯೆ ಎಂದು ಬರೆಯುತ್ತಿದ್ದ ಕಡೆ ಗ್ರಾಚ್ಯುಟಿ ಇದರಿಂದ ಏರುತ್ತದೆ. ಪಿ.ಎಫ್. ಅನ್ನು ₹15,000ದ ಮಿತಿಯ ಮೇಲೆ ಕಟ್ಟುತ್ತಿರುವವರ ಕೈಸಂಬಳ ಈ ಕಾರಣಕ್ಕೆ ಇಳಿಯಬೇಕಿಲ್ಲ.

ಪ್ರಶ್ನೆ: ಸೇರಿದಾಗಲೇ ನಾಮಿನಿಯಾಗಿ ತಾಯಿಯ ಹೆಸರು ಕೊಟ್ಟಿದ್ದೆ. ಈಗ ಮದುವೆಯಾಗಿದೆ. ಬದಲಿಸಬೇಕೇ?

ಬದಲಿಸಲೇಬೇಕು. ಕುಟುಂಬ ಎಂದಾದ ಮೇಲೆ ಮದುವೆಗೆ ಮುಂಚಿನ ಪಿ.ಎಫ್. ನಾಮನಿರ್ದೇಶನ ಊರ್ಜಿತವಾಗಿ ಉಳಿಯುವುದಿಲ್ಲ. ದುರಂತ ನಡೆದಾಗ ಭವಿಷ್ಯ ನಿಧಿ ಮತ್ತು ಪಿಂಚಣಿಯ ಜೊತೆಗೆ ಠೇವಣಿ ಜೋಡಿತ ವಿಮೆ ಎಂಬ ಇನ್ನೊಂದು ಮೊತ್ತವೂ ಇರುತ್ತದೆ. ಅದರ ಕಂತನ್ನು ಮಾಲೀಕರೇ ಕಟ್ಟುತ್ತಾರೆ, ಗರಿಷ್ಠ ₹7 ಲಕ್ಷ. ಇಂಥದ್ದೊಂದು ವಿಮೆ ಇದೆ ಎಂಬುದೇ ಗೊತ್ತಿಲ್ಲದೆ ಕೇಳದೆ ಬಿಟ್ಟ ಮನೆಗಳಿವೆ. ಇ-ನಾಮಿನೇಷನ್ ಪೋರ್ಟಲ್‌ನಲ್ಲಿ ಆಗುತ್ತದೆ, ಮಾಲೀಕರ ಸಹಿ ಬೇಕಿಲ್ಲ. ಗ್ರಾಚ್ಯುಟಿಗೆ ಮಾತ್ರ ಸಂಸ್ಥೆಗೆ ಪ್ರತ್ಯೇಕ ಫಾರಂ ಕೊಡಬೇಕು.

ಪ್ರಶ್ನೆ: ಸಾಲ ಕೊಟ್ಟವರು ಪಿ.ಎಫ್. ಹಣ ಜಪ್ತಿ ಮಾಡಬಹುದೇ?

ಖಾತೆಯಲ್ಲಿ ಇರುವ ತನಕ ಇಲ್ಲ, ನ್ಯಾಯಾಲಯದ ಆದೇಶವಿದ್ದರೂ.

ಪ್ರಶ್ನೆ: ತೆರಿಗೆಯ ವಿಷಯ?

ಹಳೆಯ ತೆರಿಗೆ ಪದ್ಧತಿಯಲ್ಲಿ ನೌಕರರ ವಂತಿಗೆಗೆ ₹1.5 ಲಕ್ಷದವರೆಗಿನ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. ಸ್ವಇಚ್ಛೆಯಿಂದ ಶೇ. 12ಕ್ಕಿಂತ ಹೆಚ್ಚು ಕಟ್ಟುವವರು ಗಮನಿಸಬೇಕಾದದ್ದು, ವರ್ಷಕ್ಕೆ ₹2.5 ಲಕ್ಷ ಮೀರಿದ ಸ್ವಂತ ವಂತಿಗೆಯ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಇದೆ. ಹೊಸ ಪದ್ಧತಿಯನ್ನು ಆರಿಸಿಕೊಂಡವರು ಮಾಲೀಕರ ಮೂಲಕ ಎನ್.ಪಿ.ಎಸ್. (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಸೇರಿದರೆ ಮೂಲ ವೇತನದ ಶೇ. 14ರವರೆಗಿನ ಮಾಲೀಕರ ವಂತಿಗೆಗೆ ವಿನಾಯಿತಿ ಸಿಗುತ್ತದೆ.

ಪ್ರಶ್ನೆ: ನಿವೃತ್ತಿಯ ನಂತರ ಇವುಗಳಲ್ಲಿ ಏನು ಉಳಿಯುತ್ತದೆ?

ಗುಂಪು ವಿಮೆ ಉಳಿಯುವುದಿಲ್ಲ. ಕನಿಷ್ಠ ಐದು ವರ್ಷ ಇ.ಎಸ್.ಐ. ವಿಮಾದಾರರಾಗಿದ್ದು ನಿವೃತ್ತರಾದವರಿಗೆ ವರ್ಷಕ್ಕೆ ₹120 ಕಟ್ಟಿದರೆ ತಮಗೂ ಬಾಳಸಂಗಾತಿಗೂ ಇ.ಎಸ್.ಐ. ಚಿಕಿತ್ಸೆ ಮುಂದುವರಿಯುತ್ತದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಇದಕ್ಕಾಗಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಹಿರಿಯರನ್ನು ಇಂದಿಗೂ ಕಾಣುತ್ತೇವೆ, ಆದರೆ ಪಿ.ಎಫ್. ಪಿಂಚಣಿಗೆ ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಹನ್ನೆರಡು ತಿಂಗಳು ಅದು ಸಲ್ಲುತ್ತದೆ, ಮುಖ ಗುರುತಿಸುವ ಆ್ಯಪ್ ಮೂಲಕ ಮನೆಯಿಂದಲೇ ಮೊಬೈಲಿನಲ್ಲೂ ಕೊಡಬಹುದು.